ಹಳ್ಳಿ ಶಾಲೆಯೋ ಪೇಟೆ ಶಾಲೆಯೋ, ಪಿಯುಸಿಯೋ ಡಿಪ್ಲೊಮಾನೋ: ಎಂಟನೇ ಕ್ಲಾಸಿನಿಂದಲೇ ಹಾಕಬೇಕಾದ ಲೆಕ್ಕ

ಮೇ ತಿಂಗಳ ಕೊನೆಗೆ ನಮ್ಮ ಶಾಲೆಯ ಆಫೀಸ್ ರೂಮಿನ ಮುಂದೆ ನಾಲ್ಕಾರು ಬೈಕು ನಿಂತಿದ್ದರೆ ನನಗೆ ಗೊತ್ತಾಗಿಬಿಡುತ್ತದೆ, ಟಿಸಿ ಕೇಳೋಕೆ ಬಂದಿದ್ದಾರೆ ಅಂತ. ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಎಂಟನೇ ಕ್ಲಾಸು ಮುಗಿಸಿದ ಒಬ್ಬ ಹುಡುಗನ ಅಪ್ಪ ಹೀಗೇ ಬಂದಿದ್ದರು.

"ಮಗನ್ನ ಪೇಟೆ ಸ್ಕೂಲಿಗೆ ಹಾಕ್ತೀನಿ ಮೇಷ್ಟ್ರೇ. ಇಂಗ್ಲಿಷ್ ಮೀಡಿಯಂ. ನಾಳೆ ಇಂಜಿನಿಯರಿಂಗ್ ಓದಬೇಕಲ್ಲ."

"ಒಂದನೇ ಕ್ಲಾಸಿಂದ ಇಲ್ಲೇ ಓದಿದಾನಾ?"

"ಹೂಂ, ನಮ್ಮೂರಲ್ಲೇ. ಕನ್ನಡ ಮೀಡಿಯಂ."

"ಹಾಗಾದ್ರೆ ಕೂತ್ಕೊಳ್ಳಿ. ಒಂದು ಪಟ್ಟಿ ತೋರಿಸ್ತೀನಿ, ನೋಡಿ ಆಮೇಲೆ ತೀರ್ಮಾನ ಮಾಡಿ."

ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ಪ್ರವೇಶ ಪರೀಕ್ಷೆ ನಡೆಸಿ ಇಂಜಿನಿಯರಿಂಗ್‌ನಂಥ ಕೋರ್ಸುಗಳ ಸೀಟು ಹಂಚಿದ ಮೇಲೆ ಕಟ್-ಆಫ್ ಪಟ್ಟಿ ಹಾಕುತ್ತದೆ. ಯಾವ ಕಾಲೇಜಿನ ಯಾವ ಬ್ರಾಂಚಿಗೆ ಯಾವ ರ್‍ಯಾಂಕಿನವರೆಗೆ ಸೀಟು ಹೋಯಿತು ಅನ್ನೋ ಲೆಕ್ಕ ಅದು. ಮೇಲಿನ ಸಾಲಿನಲ್ಲಿ ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್ ಅಂತ ಕಾಲಂಗಳಿರುತ್ತವೆ. ಜಿಎಂ ಅಂದರೆ ಸಾಮಾನ್ಯ ವರ್ಗ, 2ಎ ಅನ್ನೋದು ಒಂದು ಹಿಂದುಳಿದ ವರ್ಗ. ಕೊನೆಯ ಅಕ್ಷರದ ಮೇಲೆ ಬೆರಳಿಟ್ಟು ನೋಡಿ. ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ಆಯಾ ವರ್ಗದ ಸೀಟಿನ ಒಳಗೇ 15% ಗ್ರಾಮೀಣ ಮಕ್ಕಳಿಗೆ, 5% ಕನ್ನಡ ಮಾಧ್ಯಮದವರಿಗೆ ಮೀಸಲು. ಒಂದೇ ಕಾಲೇಜು, ಒಂದೇ ಬ್ರಾಂಚು. ಆದರೂ ಆರ್ ಮತ್ತು ಕೆ ಕಾಲಂಗಳಲ್ಲಿ ಸೀಟು ಸಾಮಾನ್ಯವಾಗಿ ಇನ್ನಷ್ಟು ಹಿಂದಿನ ರ್‍ಯಾಂಕಿನವರೆಗೂ ಇಳಿದಿರುತ್ತದೆ.

ಇದಕ್ಕೆ ಒಂದು ಷರತ್ತಿದೆ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಶಾಲೆಯಲ್ಲಿ, ಅಥವಾ ಪೂರ್ತಿ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಒಂಬತ್ತು ವರ್ಷ ಓದಿದ್ದರೆ ಒಂಬತ್ತಕ್ಕೆ ತಕ್ಕಷ್ಟು ಕೊಡೋಣ ಅಂತೇನೂ ಇಲ್ಲ. ಎಂಟು ಮುಗಿಸಿ ಪೇಟೆಗೆ ಹೋದ ಹುಡುಗ ಎಂಟು ವರ್ಷದ ಗಳಿಕೆಯನ್ನು ಎರಡು ವರ್ಷಕ್ಕಾಗಿ ಬಿಟ್ಟುಕೊಟ್ಟ ಹಾಗೆ. ಇದನ್ನು ಸೀಟು ಹಂಚುವ ಹೊತ್ತಿಗೆ ತಿಳಿದುಕೊಂಡರೆ ಏನೂ ಮಾಡೋಕೆ ಆಗಲ್ಲ. ಕಾಲೇಜಿನ ಯೋಚನೆ ಎಂಟನೇ ಕ್ಲಾಸಿನಲ್ಲೇ ಶುರುವಾಗಬೇಕು ಅಂತ ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ. ಕೋಚಿಂಗ್‌ಗೆ ಸೇರಿಸಿ ಅಂತ ಅಲ್ಲ.

ಇರಬೇಕೋ, ಹೋಗಬೇಕೋ

ಹಾಗಂತ ಎಲ್ಲರೂ ಹಳ್ಳಿಯಲ್ಲೇ ಇರಿ ಅಂತ ನಾನು ಹೇಳಲ್ಲ. ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನಿಮ್ಮ ಶಾಲೆಯಲ್ಲಿ ಗಣಿತ, ವಿಜ್ಞಾನಕ್ಕೆ ಮೇಷ್ಟ್ರು ಇದ್ದಾರಾ? ಇದ್ದರೆ ಎಸ್ಸೆಸ್ಸೆಲ್ಸಿವರೆಗೆ ಅಲ್ಲೇ ಇರಲಿ. ಇಲ್ಲದಿದ್ದರೆ, ಎರಡು ವರ್ಷದಿಂದ ಹುದ್ದೆ ಖಾಲಿ ಬಿದ್ದು ಅತಿಥಿ ಶಿಕ್ಷಕರೂ ಬಂದು ಹೋಗಿ ಮಾಡುತ್ತಿದ್ದರೆ, ಕರೆದುಕೊಂಡು ಹೋಗಿ. ಭಿನ್ನರಾಶಿ ಕೂಡಲು ಬಾರದ ಮಗುವಿಗೆ ಯಾವ ಕೋಟಾ ಇದ್ದರೇನು? ಕೋಟಾ ಸೀಟು ಕೊಡಿಸಬಹುದು, ಮೊದಲ ಸೆಮಿಸ್ಟರ್ ಪಾಸು ಮಾಡಿಸಲ್ಲ.

ನಡುವಿನ ದಾರಿಯೂ ಒಂದಿದೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲೇ ಇರುವ ಇಂಗ್ಲಿಷ್ ಮೀಡಿಯಂ ಶಾಲೆ. ಅಲ್ಲಿಗೆ ಹೋದರೆ ಕೆ ಹೋಗುತ್ತದೆ, ಆರ್ ಉಳಿಯುತ್ತದೆ. ಪೇಟೆಯ ಪಕ್ಕದ ಶಾಲೆಗಳ ವಿಷಯದಲ್ಲಿ ಮಾತ್ರ ಹುಷಾರು. ಬೋರ್ಡಿನಲ್ಲಿ ಹಳ್ಳಿಯ ಹೆಸರಿರುತ್ತದೆ, ಜಾಗ ಪಟ್ಟಣ ಪಂಚಾಯಿತಿಗೋ ಪುರಸಭೆಗೋ ಸೇರಿರುತ್ತದೆ. ಪಟ್ಟಣ ಪಂಚಾಯಿತಿ ಅಂದರೆ ಗ್ರಾಮೀಣ ಅಲ್ಲ. ಸೇರಿಸುವ ಮುಂಚೆ ಶಾಲೆಯ ಕಂದಾಯ ಯಾರಿಗೆ ಕಟ್ಟುತ್ತೀರಿ ಅಂತ ಒಂದು ಮಾತು ಕೇಳಿ. ವಿಚಿತ್ರ ಪ್ರಶ್ನೆ ಅನ್ನಿಸಬಹುದು, ಆದರೆ ಸರಿಯಾದ ಪ್ರಶ್ನೆ.

ಇನ್ನು ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದುತ್ತಿರುವ ಮಕ್ಕಳಿಗೆ ಆರ್ ಇಲ್ಲದಿದ್ದರೂ ಕೆ ಇದೆ. ತುಂಬ ಅಪ್ಪ ಅಮ್ಮಂದಿರಿಗೆ ಇದು ಗೊತ್ತೇ ಇರಲ್ಲ. ಈಗ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ವಿಭಾಗ ತೆರೆದಿದ್ದಾರೆ. ಅಲ್ಲಿಗೆ ಬದಲಾಯಿಸುವಾಗ ಇದೂ ಲೆಕ್ಕದಲ್ಲಿರಲಿ.

ಎಂಟನೇ ಕ್ಲಾಸಿನಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿರುವುದರಿಂದ ಇನ್ನೊಂದು ಲಾಭ ಇದೆ, ಎನ್‌ಎಂಎಂಎಸ್ ಅನ್ನೋ ಸ್ಕಾಲರ್‌ಶಿಪ್ ಪರೀಕ್ಷೆ. ಮನೆಯ ವರ್ಷದ ಆದಾಯ 3.5 ಲಕ್ಷದ ಒಳಗಿದ್ದು, ಏಳನೇ ಕ್ಲಾಸಿನಲ್ಲಿ 55% ಬಂದಿದ್ದರೆ ಬರೆಯಬಹುದು. ಎಸ್‌ಸಿ, ಎಸ್‌ಟಿ ಮಕ್ಕಳಿಗೆ 5% ವಿನಾಯಿತಿ. ಎರಡು ಪೇಪರು, ತಲಾ 90 ಪ್ರಶ್ನೆ. ಒಂದರಲ್ಲಿ ಬರೀ ತರ್ಕ, ಇನ್ನೊಂದರಲ್ಲಿ ಪಾಠದ ವಿಷಯ. ಆಯ್ಕೆಯಾದರೆ ಒಂಬತ್ತರಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000, ನಾಲ್ಕು ವರ್ಷಕ್ಕೆ 48,000 ರೂಪಾಯಿ. ಹಳ್ಳಿ ಮನೆಗೆ ಇದು ಸಣ್ಣ ದುಡ್ಡಲ್ಲ. ಒಂಬತ್ತನೇ ಕ್ಲಾಸಿಗೆ ಖಾಸಗಿ ಶಾಲೆಗೆ ಹೋದರೆ ಇದೂ ತಪ್ಪುತ್ತದೆ. ನಾನು ಎಂಟನೇ ಕ್ಲಾಸಿನವರಿಗೆ ಸಂಜೆ ಅರ್ಧ ಗಂಟೆ ತರ್ಕದ ಪ್ರಶ್ನೆ ಬಿಡಿಸಲು ಕೊಡುತ್ತೇನೆ. ಸ್ಕಾಲರ್‌ಶಿಪ್ ಬರದವರಿಗೂ ಆ ರೂಢಿ ಮುಂದೆ ಕೆಲಸಕ್ಕೆ ಬರುತ್ತದೆ.

ಎಸ್ಸೆಸ್ಸೆಲ್ಸಿ ಆದಮೇಲೆ: ಮೂರು ದಾರಿ

ಇಲ್ಲಿ ಜಾಸ್ತಿ ಜನ ಎಡವುವುದು ಒಂದು ತಪ್ಪು ನಂಬಿಕೆಯಿಂದ. ಮಾರ್ಕ್ಸ್ ಬಂದವರು ಪಿಯು ಸೈನ್ಸು, ಸುಮಾರಾಗಿ ಬಂದವರು ಡಿಪ್ಲೊಮಾ, ಬರದವರು ಐಟಿಐ ಅಂತ. ಒಂದು ಸಲ ವರ್ಷಗಳನ್ನು ಕೂಡಿ ನೋಡೋಣ.

ಪಿಯುಸಿ 2 ವರ್ಷ, ಬಿಇ 4 ವರ್ಷ. ಒಟ್ಟು 6. ಡಿಪ್ಲೊಮಾ 3 ವರ್ಷ, ಆಮೇಲೆ ಡಿಸಿಇಟಿ, ಅಂದರೆ ಡಿಪ್ಲೊಮಾ ಮುಗಿಸಿದವರ ಸಿಇಟಿ, ಬರೆದು ನೇರವಾಗಿ ಬಿಇ ಮೂರನೇ ಸೆಮಿಸ್ಟರ್‌ಗೆ ಸೇರಿದರೆ ಇನ್ನು 3 ವರ್ಷ. ಒಟ್ಟು 6. ಎರಡು ವರ್ಷದ ಐಟಿಐ ಮುಗಿಸಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಿದರೆ 2 ಮತ್ತು 2, ಆಮೇಲೆ ಬಿಇ 3. ಒಟ್ಟು 7. ಎಲ್ಲಕ್ಕಿಂತ ಉದ್ದದ ದಾರಿಗೂ ಒಂದೇ ವರ್ಷ ಹೆಚ್ಚು!

ಹಾಗಾದರೆ ವ್ಯತ್ಯಾಸ ಎಲ್ಲಿ? ನಡುವೆ ನಿಂತುಬಿಟ್ಟರೆ ಕೈಯಲ್ಲಿ ಏನಿರುತ್ತದೆ ಅನ್ನೋದರಲ್ಲಿ. ಪಿಯು ಸೈನ್ಸು ಮುಗಿಸಿ ಓದು ನಿಂತರೆ ಆ ಸರ್ಟಿಫಿಕೇಟಿಗೆ ಸಿಗುವ ಕೆಲಸ ಕಡಿಮೆ. ಡಿಪ್ಲೊಮಾ ಮುಗಿಸಿ ನಿಂತರೆ ಜೂನಿಯರ್ ಇಂಜಿನಿಯರ್ ಹುದ್ದೆಗಳಿಗೆ ಅರ್ಜಿ ಹಾಕಬಹುದು, ಕಾರ್ಖಾನೆಯಲ್ಲಿ ಟೆಕ್ನೀಷಿಯನ್ ಆಗಬಹುದು. ಮನೆಯಲ್ಲಿ ಯಾವಾಗ ಏನಾಗುತ್ತೋ ಅನ್ನೋ ಭಯ ಇರುವವರು ಇದನ್ನು ಮೊದಲು ನೋಡಬೇಕು.

ಪಿಯು ಸೈನ್ಸಿನ ಬಲ ಬೇರೆ. ಅದು ಬಾಗಿಲು ಮುಚ್ಚಲ್ಲ. ಪಿಸಿಎಂಬಿ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ ಓದಿದ ಹುಡುಗಿ ಇಂಜಿನಿಯರಿಂಗ್‌ಗೂ ಹೋಗಬಹುದು, ನೀಟ್ ಬರೆದು ಮೆಡಿಕಲ್ಲಿಗೂ ಹೋಗಬಹುದು, ಬಿಎಸ್ಸಿ ಅಗ್ರಿಗೂ ಸೇರಬಹುದು. ಇದ್ಯಾವುದೂ ಬೇಡ ಅಂದರೆ ಬಿಕಾಂ, ಬಿಎ, ಐದು ವರ್ಷದ ಲಾ ಇದ್ದೇ ಇವೆ. ಡಿಪ್ಲೊಮಾ ಆರಿಸಿಕೊಂಡ ದಿನವೇ ಮೆಡಿಕಲ್, ಅಗ್ರಿ ಎರಡನ್ನೂ ಮರೆತುಬಿಡಬೇಕು. ಹದಿನಾರರ ವಯಸ್ಸಿನಲ್ಲಿ ಮೆಕ್ಯಾನಿಕಲ್ಲೋ ಸಿವಿಲ್ಲೋ ತೀರ್ಮಾನ ಮಾಡಬೇಕು. ಅದು ಎಲ್ಲ ಮಕ್ಕಳಿಗೂ ಆಗುವ ಕೆಲಸ ಅಲ್ಲ.

ಡಿಪ್ಲೊಮಾದಿಂದ ಬಿಇಗೆ ಹೋಗುವವರಿಗೆ ಗಣಿತ ಹೊಡೆಯುತ್ತದೆ ಅನ್ನೋದನ್ನು ಗಣಿತದ ಮೇಷ್ಟ್ರಾಗಿ ನಾನು ಹೇಳಲೇಬೇಕು. ಮೊದಲ ವರ್ಷದ ಗಣಿತ ದಾಟಿಕೊಂಡು ಸೀದಾ ಎರಡನೇ ವರ್ಷದ ಕ್ಲಾಸಿನಲ್ಲಿ ಕೂರುತ್ತಾರೆ. ಪಕ್ಕದಲ್ಲಿರುವ ಪಿಯುಸಿ ಹುಡುಗರು ಕ್ಯಾಲ್ಕುಲಸ್ಸನ್ನು ಮೂರು ವರ್ಷದಿಂದ ಅರೆಯುತ್ತಿರುತ್ತಾರೆ. ನನ್ನ ಹಳೇ ವಿದ್ಯಾರ್ಥಿಗಳು ಫೋನ್ ಮಾಡಿ ಗೋಳಾಡುವುದು ಈ ಸೆಮಿಸ್ಟರಿನಲ್ಲೇ. ಆದರೆ ಲ್ಯಾಬಿಗೆ ಬಂದರೆ ಇವರೇ ಮುಂದೆ. ಲೇತ್ ಮಷೀನ್ ಮುಂದೆ ನಿಂತು ಕೈ ನಡುಗದವರು ಇವರೇ.

ಎರಡು ವರ್ಷದ ಹಿಂದಿನ ಮಾತು. ನಮ್ಮ ಶಾಲೆಯ ಬೋರ್‌ವೆಲ್ ಮೋಟರ್ ಕೆಟ್ಟಿತ್ತು. ಸ್ಟಾರ್ಟರ್ ಡಬ್ಬದ ಮುಂದೆ ಮೆಕ್ಯಾನಿಕ್ ಕೂತಿದ್ದ, ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಪಿರಿಯಡ್ ಬಿಟ್ಟು ಅವನ ಪಕ್ಕ ನಿಂತಿದ್ದ. ಬೈಯೋಣ ಅಂತ ಹೋದೆ. ಹುಡುಗ ಹೇಳುತ್ತಿದ್ದ, "ಅಣ್ಣಾ, ಕಾಂಟ್ಯಾಕ್ಟ್ ಸುಟ್ಟಿಲ್ಲ, ರಿಲೇ ಟ್ರಿಪ್ ಆಗ್ತಿದೆ ನೋಡು." ಅದೇ ಆಗಿತ್ತು. ಆ ಹುಡುಗನ ಗಣಿತ 60ರ ಆಸುಪಾಸು. ಅವನಮ್ಮ ಪಿಯು ಸೈನ್ಸೇ ಆಗಬೇಕು ಅಂತ ಹಟ ಹಿಡಿದಿದ್ದರು. ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಅಂದೆ. ಪಾಲಿಟೆಕ್ನಿಕ್ ಸೀಟು ಎಸ್ಸೆಸ್ಸೆಲ್ಸಿ ಅಂಕದ ಮೇಲೇ ಸಿಗುತ್ತದೆ, ಬೇರೆ ಪ್ರವೇಶ ಪರೀಕ್ಷೆ ಇಲ್ಲ. ಹಾಗಾಗಿ ಹತ್ತನೇ ಕ್ಲಾಸಿನಲ್ಲಿ ಗಣಿತ, ವಿಜ್ಞಾನ ಎರಡನ್ನು ಗಟ್ಟಿಯಾಗಿ ಹಿಡಿ ಅಂತ ಅವನಿಗೆ ಹೇಳಿದೆ. ಈಗ ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿದ್ದಾನೆ. ಊರಿಗೆ ಬಂದಾಗ ಅಕ್ಕಪಕ್ಕದ ತೋಟದವರು ಕರೆದುಕೊಂಡು ಹೋಗುತ್ತಾರೆ.

ಇಂಥ ಕೈಗುಣ ಇರುವ ಮಕ್ಕಳಿಗೆ ಇನ್ನೊಂದು ಜಾಗ ಜಿಟಿಟಿಸಿ, ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಗೆ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಒಂದು ವರ್ಷ ಜಾಸ್ತಿ, ನಿಜ. ಆದರೆ ಆ ವರ್ಷ ಮಷೀನಿನ ಮುಂದೆ ಕಳೆಯುತ್ತದೆ. ರಾಜ್ಯದ ಹಲವು ಊರುಗಳಲ್ಲಿ ಕೇಂದ್ರಗಳಿವೆ.

ಐಟಿಐ ಬಗ್ಗೆ ಊರಲ್ಲಿ ಇರುವ ತಾತ್ಸಾರ ನನಗೆ ಅರ್ಥವಾಗಲ್ಲ. ಫಿಟ್ಟರ್, ಎಲೆಕ್ಟ್ರೀಷಿಯನ್ ಎರಡು ವರ್ಷ, ವೆಲ್ಡರ್ ಒಂದೇ ವರ್ಷ. ಬೇಗ ದುಡಿಯಲೇಬೇಕಾದ ಮನೆಯ ಮಗುವಿಗೆ ಇದೇ ಸರಿಯಾದ ದಾರಿ. ಮುಂದೆ ಓದುವ ಆಸೆ ಒಂಚೂರು ಇದ್ದರೂ ಎರಡು ವರ್ಷದ ಟ್ರೇಡನ್ನೇ ಆರಿಸಿಕೊಳ್ಳಿ. ಮೇಲೆ ಹೇಳಿದ ಏಳು ವರ್ಷದ ದಾರಿ ತೆರೆದಿರುತ್ತದೆ.

ಕಾಮರ್ಸ್, ಆರ್ಟ್ಸ್ ಬಗ್ಗೆ ಹೆಚ್ಚು ಹೇಳೋದಿಲ್ಲ, ಅದು ನನ್ನ ವಿಷಯ ಅಲ್ಲ. ಒಂದು ಮಾತು ಮಾತ್ರ: ಸೈನ್ಸಿನಿಂದ ಆ ಕಡೆ ಹೋಗಬಹುದು, ಆ ಕಡೆಯಿಂದ ಸೈನ್ಸಿಗೆ ಬರೋಕೆ ಆಗಲ್ಲ. ಆದರೆ ಲೆಕ್ಕಪತ್ರ ಇಷ್ಟ ಅಂತ ಈಗಲೇ ಗೊತ್ತಿರುವ ಹುಡುಗಿಯನ್ನು "ಇರಲಿ ಬಿಡು, ಬಾಗಿಲು ತೆರೆದಿರುತ್ತೆ" ಅಂತ ಎರಡು ವರ್ಷ ಫಿಸಿಕ್ಸ್ ಓದಿಸುವುದು ಶಿಕ್ಷೆ. ಅವಳು ಕಾಮರ್ಸ್‌ಗೆ ಹೋಗಲಿ, ಪಿಯುಸಿ ಆದ ಕೂಡಲೇ ಸಿಎ ಫೌಂಡೇಶನ್ ಬರೆಯಲಿ.

ಸೈನ್ಸ್ ಅಂತಾದರೆ, ಎಲ್ಲಿ?

ಈಗಿನ ದೊಡ್ಡ ತಲೆನೋವು ಇದು. ಹತ್ತಿರದ ಸರ್ಕಾರಿ ಅಥವಾ ಅನುದಾನಿತ ಪಿಯು ಕಾಲೇಜೋ, ದೂರದ ಹಾಸ್ಟೆಲ್ ಇರುವ, ಕೋಚಿಂಗೂ ಸೇರಿದ 'ಇಂಟಿಗ್ರೇಟೆಡ್' ಕಾಲೇಜೋ? ಎರಡನೆಯದಕ್ಕೆ ವರ್ಷಕ್ಕೆ ಲಕ್ಷಗಳಲ್ಲಿ ಖರ್ಚು. ಕೆಲವರು ಒಂಬತ್ತನೇ ಕ್ಲಾಸಿನಲ್ಲೇ ಸೀಟು ಬುಕ್ ಮಾಡಿ ಅಂತ ಮನೆಗೆ ಬರುತ್ತಾರೆ. ದಯವಿಟ್ಟು ಬೇಡ. ಮಗುವಿಗೆ ಏನು ಬೇಕು ಅಂತ ಮಗುವಿಗೇ ಗೊತ್ತಿಲ್ಲದ ಹೊತ್ತಿನಲ್ಲಿ ಮುಂಗಡ ಕೊಟ್ಟು ಕೂರುವುದು ಯೋಜನೆ ಅಲ್ಲ.

ಮೊದಲು ಸಿಇಟಿ ಲೆಕ್ಕ ನೋಡಿ. ಇಂಜಿನಿಯರಿಂಗ್ ರ್‍ಯಾಂಕಿಗೆ ಎರಡನೇ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ, 60 ಅಂಕ. ತಪ್ಪಿಗೆ ಅಂಕ ಕಳೆಯಲ್ಲ. ಒಬ್ಬಳಿಗೆ ಪಿಯುಸಿಯಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 90 ಬಂತು ಅಂದುಕೊಳ್ಳಿ. 90% ಮತ್ತು 50%, ಸರಾಸರಿ 70. ಇನ್ನೊಬ್ಬನಿಗೆ ಪಿಯುಸಿಯಲ್ಲಿ 210, ಸಿಇಟಿಯಲ್ಲಿ 126. ಎರಡೂ 70%, ಸರಾಸರಿಯೂ 70. ಇಬ್ಬರೂ ಒಂದೇ ಕಡೆ ನಿಂತರು. ಅಂದರೆ ಹತ್ತಿರದ ಕಾಲೇಜಿನಲ್ಲಿ ಪಾಠ ಚೆನ್ನಾಗಿ ಓದಿಕೊಂಡ ಹುಡುಗಿ, ಕೋಚಿಂಗಿನಲ್ಲೇ ಮುಳುಗಿ ಬೋರ್ಡ್ ಪರೀಕ್ಷೆ ಕಡೆಗಣಿಸಿದವನಿಗೆ ಸಮ. ಸಿಇಟಿ ಮಾತ್ರ ಗುರಿಯಾಗಿದ್ದರೆ ಹತ್ತಿರದ ಒಳ್ಳೆ ಕಾಲೇಜೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಹಳೇ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಲಿ.

ನೀಟ್ ಅಂದರೆ ಬೇರೆ ಆಟ. ಅಲ್ಲಿ ಪಿಯುಸಿ ಅಂಕ ರ್‍ಯಾಂಕಿಗೆ ಸೇರಲ್ಲ. 720ಕ್ಕೆ ಪರೀಕ್ಷೆ, ಸರಿಗೆ 4, ತಪ್ಪಿಗೆ ಮೈನಸ್ 1. ಕನ್ನಡದಲ್ಲೂ ಬರೆಯಬಹುದು. ಇಲ್ಲಿ ಕೋಚಿಂಗ್‌ನಿಂದ ಉಪಯೋಗ ಇದೆ ಅಂತ ಒಪ್ಪಿಕೊಳ್ಳುತ್ತೇನೆ. ಆದರೂ ಹಾಸ್ಟೆಲ್ಲಿಗೆ ಕಳಿಸುವ ಮುಂಚೆ ಮಗುವನ್ನು ಒಂದು ವಾರ ಬೆಳಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ಹತ್ತರವರೆಗೆ ಓದಲು ಕೂರಿಸಿ ನೋಡಿ. ಮೂರನೇ ದಿನಕ್ಕೆ ಉತ್ತರ ಸಿಗುತ್ತದೆ.

ಹಾಂ, ಇನ್ನೊಂದು. "ಸಂಸ್ಕೃತ ತಗೊಂಡರೆ ನೂರಕ್ಕೆ ನೂರು ಬರುತ್ತಂತೆ, ಕನ್ನಡ ಬಿಡಿಸೋಣ್ವಾ" ಅಂತ ಪಿಯು ಸೇರುವಾಗ ಎಲ್ಲರೂ ಕೇಳುತ್ತಾರೆ. ಇಂಜಿನಿಯರಿಂಗ್ ರ್‍ಯಾಂಕಿಗೆ ಭಾಷೆಯ ಅಂಕ ಲೆಕ್ಕಕ್ಕೇ ಬರಲ್ಲ. ಆ ನೂರು ಫ್ಲೆಕ್ಸಿನಲ್ಲಿ ಹಾಕಿಸಿಕೊಳ್ಳೋಕೆ ಮಾತ್ರ. ಇಷ್ಟ ಇದ್ದರೆ ಓದಲಿ, ಸುಮ್ನೆ ಅಂಕಕ್ಕೆ ಅಂತ ಬೇಡ.

ರೈತರ ಮಕ್ಕಳಿಗೆ ಒಂದು ಮಾತು. ಬಿಎಸ್ಸಿ ಅಗ್ರಿ, ತೋಟಗಾರಿಕೆಯಂಥ ಕೋರ್ಸುಗಳಲ್ಲಿ ಅರ್ಧದಷ್ಟು ಸೀಟು ಕೃಷಿಕರ ಮಕ್ಕಳ ಕೋಟಾದಲ್ಲಿವೆ. 2021ರಲ್ಲಿ ಇದನ್ನು 40ರಿಂದ 50%ಗೆ ಏರಿಸಿದರು. ಆ ಕೋಟಾಗೆ ಸಿಇಟಿ ಜತೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಸಲಕರಣೆ ಗುರುತಿಸುವುದು. ಹೊಲದಲ್ಲಿ ಬೆಳೆದ ಮಗುವಿಗೆ ಇದು ಮನೆಪಾಠ. ಆದರೆ ಪಿಸಿಎಂಸಿ ತಗೊಂಡು, ಅಂದರೆ ಕಂಪ್ಯೂಟರ್ ಸೈನ್ಸ್ ಆರಿಸಿಕೊಂಡು ಬಯಾಲಜಿ ಬಿಟ್ಟವರಿಗೆ ಬಿಎಸ್ಸಿ ಅಗ್ರಿ ಇಲ್ಲ. ಕಂಪ್ಯೂಟರ್ ಸೈನ್ಸ್ ಆಸೆಗೆ ಬಿದ್ದು ಬಯಾಲಜಿ ಬಿಡುವ ಮುಂಚೆ ಯೋಚಿಸಿ. ಪಿಸಿಎಂಬಿ ಓದಿದವರಿಗೂ ಕಂಪ್ಯೂಟರ್ ಸೈನ್ಸ್ ಬ್ರಾಂಚ್ ಸಿಗುತ್ತದೆ.

ಕಾಗದಪತ್ರ ಮತ್ತು ದುಡ್ಡು

ಇದನ್ನು ಬೇಜಾರಿನ ಕೆಲಸ ಅಂತ ಎಲ್ಲರೂ ಮುಂದಕ್ಕೆ ಹಾಕುತ್ತಾರೆ. ಒಂಬತ್ತನೇ ಕ್ಲಾಸಿನ ದಸರಾ ರಜೆಯಲ್ಲಿ ಮುಗಿಸಿಬಿಡಿ. ಮೊದಲು ಆಧಾರ್ ಮತ್ತು ಶಾಲೆಯ ದಾಖಲಾತಿ ಪಕ್ಕಪಕ್ಕ ಇಟ್ಟು ಹೆಸರು, ಇನಿಷಿಯಲ್, ಹುಟ್ಟಿದ ದಿನ ತಾಳೆ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ದೊಡ್ಡ ರಾಮಾಯಣ. ಆಮೇಲೆ ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ. ಅದರ ಮೇಲೆ ಅಚ್ಚಾಗಿರುವ ಆರ್‌ಡಿ ನಂಬರನ್ನು ಅಂಕಪಟ್ಟಿಯ ಫೈಲಿನಲ್ಲೇ ಬರೆದಿಡಿ. ಆದಾಯದ್ದಕ್ಕೆ ಐದು ವರ್ಷ ಅವಧಿ, ಹಾಗಾಗಿ ಸೀಟು ಹಂಚುವ ವರ್ಷದಲ್ಲಿ ಅದು ಜೀವಂತ ಇರುತ್ತಾ ಅಂತ ಎಣಿಸಿಕೊಳ್ಳಿ. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರವನ್ನೂ ಮಾಡಿಸಿಡಬೇಕು. ಆ ಭಾಗದ ಕಾಲೇಜುಗಳಲ್ಲಿ 70%, ರಾಜ್ಯದ ಉಳಿದ ಕಡೆ 8% ಸೀಟು ಅದರ ಮೇಲೆ ನಿಂತಿವೆ.

ಕೆಲಸಕ್ಕೆ ಅಂತ ಮುಂಬೈಗೋ ಪುಣೆಗೋ ಹೋಗಿ ಬಂದ ಮನೆಯವರು ಇನ್ನೊಂದು ಎಣಿಕೆ ಮಾಡಬೇಕು. ಒಂದರಿಂದ ಎರಡನೇ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿ, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಇಲ್ಲೇ ಪಾಸಾಗಿರಬೇಕು, ಸಿಇಟಿಯಲ್ಲಿ ಸಾಮಾನ್ಯ ದಾರಿ ಇದು. ಹೊರನಾಡು, ಗಡಿನಾಡು ಕನ್ನಡಿಗರಿಗೆ ಬೇರೆ ದಾರಿ ಇದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಪಾಸು ಮಾಡಬೇಕು. ಪರೀಕ್ಷೆ ಕಷ್ಟದ್ದೇನಲ್ಲ, ಆದರೆ ಮಗುವಿಗೆ ಕನ್ನಡ ಓದಿ ಬರೆಯೋಕೆ ಬರಬೇಕು.

ಎಸ್ಸೆಸ್ಸೆಲ್ಸಿ ದಾಟಿದ ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ಇದೆ. ಪಿಯುಸಿ, ಐಟಿಐ, ಡಿಪ್ಲೊಮಾಗೆ ವರ್ಷಕ್ಕೆ ಹುಡುಗರಿಗೆ 2,500, ಹುಡುಗಿಯರಿಗೆ 3,000. ಬಿಇ, ಎಂಬಿಬಿಎಸ್‌ಗೆ 10,000 ಮತ್ತು 11,000.

ಕೊನೆಗೆ ವ್ಯಾಸಂಗ ಪ್ರಮಾಣಪತ್ರ. ಆರ್ ಅಥವಾ ಕೆ ಕೇಳುವವರು ಹತ್ತೂ ವರ್ಷದ ಲೆಕ್ಕ ಕೊಡಬೇಕು, ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ, ಮೇಲುಸಹಿ ಬೇಕು. ಇದರಲ್ಲಿ ನಮ್ಮ ಮನೆಯವರೇ ಪೆಟ್ಟು ತಿಂದಿದ್ದೇವೆ. ನನ್ನ ಅಕ್ಕನ ಮಗಳು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಆದರೆ ಶಾಲೆಗಳೆಲ್ಲ ಹಳ್ಳಿಯವೇ. ನಾಲ್ಕನೇ ಕ್ಲಾಸಿನ ಒಂದು ವರ್ಷ ಮಾತ್ರ, ಭಾವನಿಗೆ ವರ್ಗ ಆಗಿದ್ದರಿಂದ ಒಂದು ಪಟ್ಟಣದಲ್ಲಿ ಓದಿದ್ದಳು. ನಮಗದು ಮರೆತೇಹೋಗಿತ್ತು. ಅರ್ಜಿಯಲ್ಲಿ ಗ್ರಾಮೀಣ ಅಂತ ಹಾಕಿದ್ದೆವು. ಸರ್ಟಿಫಿಕೇಟು ಮಾಡಿಸಲು ಹೋದಾಗ ಗುಮಾಸ್ತರು ದಾಖಲಾತಿ ಪುಸ್ತಕ ತಿರುವಿ, "ನಾಲ್ಕು ಎಲ್ಲಿ ಸಾರ್?" ಅಂದರು. ನಾನು ಬೆರಳು ಮಡಚಿ ಎಣಿಸಿದೆ. ಒಂದು, ಎರಡು, ಮೂರು, ಆಮೇಲೆ ಐದು. ಹುಡುಗಿ ಜಿಎಂ ಕಾಲಂನಲ್ಲೇ ಸೀಟು ತೆಗೆದುಕೊಂಡಳು, ಬೇಕಿದ್ದ ಕಾಲೇಜಿನಲ್ಲಿ ಅಲ್ಲ.

ಟಿಸಿ ಕೇಳಲು ಬಂದಿದ್ದ ಆ ಅಪ್ಪನಿಗೂ ಇದನ್ನೇ ಹೇಳಿದೆ. ಅವರು ಕಟ್-ಆಫ್ ಪಟ್ಟಿಯ ಫೋಟೋ ಹೊಡೆದುಕೊಂಡು, "ಮನೆಯವಳನ್ನ ಒಂದು ಮಾತು ಕೇಳಿ ಬರ್ತೀನಿ ಮೇಷ್ಟ್ರೇ" ಅಂತ ಬೈಕು ಹತ್ತಿದರು.